ಚಂದ್ರ ಭೂಮಿಯನ್ನು ಇಷ್ಟೊಂದು ಹೋಲುವುದೇ ತಲೆನೋವು

ಚಂದ್ರ ಹೇಗೆ ಹುಟ್ಟಿದ ಅಂತ ಕೇಳಿದರೆ ಈಗ ಎಲ್ಲರೂ ಹೇಳುವ ಕತೆ ಒಂದೇ. ಭೂಮಿ ಇನ್ನೂ ಎಳೆಯದಾಗಿದ್ದಾಗ, ಹೆಚ್ಚುಕಮ್ಮಿ ಮಂಗಳನಷ್ಟು ದೊಡ್ಡದಾದ ಇನ್ನೊಂದು ಗ್ರಹ ಬಂದು ಢಿಕ್ಕಿ ಹೊಡೆಯಿತು. ಕರಗಿದ ಕಲ್ಲು, ಆವಿಯಾದ ಕಲ್ಲು ಎಲ್ಲ ಆಕಾಶಕ್ಕೆ ಚಿಮ್ಮಿತು. ಅದೇ ಭೂಮಿಯ ಸುತ್ತ ತಿರುಗುತ್ತಾ ಒಟ್ಟುಗೂಡಿ ಚಂದ್ರ ಆಯಿತು. ಬಂದು ಗುದ್ದಿದ ಆ ಗ್ರಹಕ್ಕೆ ಥೀಯಾ ಅಂತ ಹೆಸರಿಟ್ಟಿದ್ದಾರೆ. ಗ್ರೀಕ್ ಪುರಾಣದಲ್ಲಿ ಅವಳು ಚಂದ್ರದೇವತೆಯ ತಾಯಿ.

1975ರಲ್ಲಿ ವಿಲಿಯಂ ಹಾರ್ಟ್‌ಮನ್ ಮತ್ತು ಡೊನಾಲ್ಡ್ ಡೇವಿಸ್ ಈ ವಿಚಾರ ಮುಂದಿಟ್ಟರು. ಮರುವರ್ಷ ಕ್ಯಾಮರಾನ್ ಮತ್ತು ವಾರ್ಡ್ ಅದಕ್ಕೆ ಇನ್ನಷ್ಟು ಬಲ ತುಂಬಿದರು. ಒಳ್ಳೆಯ ಕತೆ. ಚಂದ್ರನಲ್ಲಿ ಕಬ್ಬಿಣ ಯಾಕೆ ಕಡಿಮೆ, ಭೂಮಿ–ಚಂದ್ರ ಜೋಡಿಗೆ ಇಷ್ಟು ತಿರುಗುವ ವೇಗ ಎಲ್ಲಿಂದ ಬಂತು ಎಂಬುದಕ್ಕೆಲ್ಲ ಇದು ಉತ್ತರ ಕೊಡುತ್ತದೆ. ಆದರೆ 450 ಕೋಟಿ ವರ್ಷದ ಹಿಂದಿನ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಗುದ್ದಿದ ಗುಂಡಿ ಉಳಿದಿಲ್ಲ. ಥೀಯಾ ಉಳಿದಿಲ್ಲ. ಉಳಿದಿರುವುದು ಕಲ್ಲು ಮಾತ್ರ. ಅಪೊಲೊ ಯಾತ್ರಿಗಳು 1969ರಿಂದ 1972ರವರೆಗೆ ಆರು ಸಲ ಇಳಿದು ಹೊತ್ತು ತಂದ 382 ಕೆ.ಜಿ. ಕಲ್ಲುಮಣ್ಣು ಇದೆ. ಆ ಕಲ್ಲಿನ ಬಾಯಿ ಬಿಡಿಸುವ ವಿದ್ಯೆಯೇ ಐಸೊಟೋಪ್ ಭೂರಸಾಯನಶಾಸ್ತ್ರ.

ಹೆಸರು ದೊಡ್ಡದು, ವಿಷಯ ಅಷ್ಟು ಕಷ್ಟದ್ದಲ್ಲ. ಒಂದು ಧಾತುವಿನ ಎಲ್ಲ ಪರಮಾಣುಗಳಲ್ಲೂ ಪ್ರೋಟಾನ್‌ಗಳ ಸಂಖ್ಯೆ ಒಂದೇ, ಆದರೆ ನ್ಯೂಟ್ರಾನ್‌ಗಳು ಒಂದೆರಡು ಹೆಚ್ಚುಕಡಿಮೆ ಇರಬಹುದು. ಹಾಗೆ ತೂಕದಲ್ಲಿ ಬೇರೆಯಾದ ಅಣ್ಣತಮ್ಮಂದಿರೇ ಐಸೊಟೋಪ್‌ಗಳು. ನಾವು ಉಸಿರಾಡುವ ಆಕ್ಸಿಜನ್‌ನಲ್ಲಿ 99.76 ಶೇಕಡಾ ಆಕ್ಸಿಜನ್-16. ಸುಮಾರು 0.2 ಶೇಕಡಾ ಆಕ್ಸಿಜನ್-18. ಆಕ್ಸಿಜನ್-17 ಅಂತೂ 0.04 ಶೇಕಡಾ ಅಷ್ಟೇ. ರಸಾಯನದ ದೃಷ್ಟಿಯಲ್ಲಿ ಮೂರೂ ಒಂದೇ. ನೀರು ಕುಡಿದರೆ ಬಾಯಾರಿಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೂಕ ಮಾತ್ರ ಬೇರೆ.

ಈ ತೂಕದ ವ್ಯತ್ಯಾಸ ಏನು ಮಾಡುತ್ತದೆ ಅಂತ ತಿಳಿಯಲು ಸುಗ್ಗಿಯ ಕಣ ನೆನಪಿಸಿಕೊಳ್ಳಿ. ಮೊರದಲ್ಲಿ ಕಾಳು ತುಂಬಿ ಗಾಳಿಗೆ ತೂರಿದರೆ ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಅರೆಜೊಳ್ಳು ಸ್ವಲ್ಪ ಆಚೆ, ಪೂರ್ತಿ ಜೊಳ್ಳು ಇನ್ನೂ ದೂರ. ಪ್ರಕೃತಿ ಐಸೊಟೋಪ್‌ಗಳನ್ನು ಹೀಗೇ ತೂರುತ್ತಿರುತ್ತದೆ. ನೀರು ಆವಿಯಾಗುವಾಗ ಹಗುರ ಆಕ್ಸಿಜನ್ ಸ್ವಲ್ಪ ಮುಂದಾಗಿ ಹಾರುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ.

ಮುಖ್ಯವಾದ ಮಾತು ಈಗ ಬರುತ್ತದೆ. ಇದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು. ತೂಕ ನೋಡಿ ತೂರುವ ಯಾವ ಕ್ರಿಯೆಯೇ ಆಗಲಿ, ಒಂದು ಕಟ್ಟುಪಾಡು ಮೀರುವುದಿಲ್ಲ. 16ಕ್ಕೂ 18ಕ್ಕೂ ಎರಡು ಹೆಜ್ಜೆ ಅಂತರ, 16ಕ್ಕೂ 17ಕ್ಕೂ ಒಂದೇ ಹೆಜ್ಜೆ. ಆದ್ದರಿಂದ ಆಕ್ಸಿಜನ್-18 ಸಾವಿರಕ್ಕೆ 10 ಪಾಲು ಕಡಿಮೆಯಾದರೆ ಆಕ್ಸಿಜನ್-17 ಅದರ ಅರ್ಧದಷ್ಟು, ಅಂದರೆ ಸಾವಿರಕ್ಕೆ ಸುಮಾರು 5.2 ಪಾಲು ಕಡಿಮೆಯಾಗಬೇಕು. ಸಮುದ್ರದ ನೀರು, ಬಸಾಲ್ಟ್ ಕಲ್ಲು, ಗ್ರಾನೈಟ್, ಯಾವುದನ್ನು ಅಳೆದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟರೂ ಎಲ್ಲ ಒಂದೇ ಗೆರೆಯ ಮೇಲೆ ಕೂರುತ್ತವೆ. ಭೂಮಿ ಬೇಯಿಸಿದ, ಕರಗಿಸಿದ, ಆವಿ ಮಾಡಿದ ಎಲ್ಲದಕ್ಕೂ ಒಂದೇ ಗೆರೆ. ಹಾಗಾದರೆ ಆ ಗೆರೆಯ ಮೇಲೆ ಕೂರದ ಕಲ್ಲು ಸಿಕ್ಕಿದರೆ? ಅದನ್ನು ತೂರಿದ ರೀತಿ ಬೇರೆ ಅಂತಲ್ಲ. ಅದು ಬೇರೆ ಹೊಲದ ಬೆಳೆ ಅಂತ ಅರ್ಥ.

ಅಂಥ ಕಲ್ಲು ಸಿಕ್ಕಿದ್ದು ಮೆಕ್ಸಿಕೊದಲ್ಲಿ. 1969ರ ಫೆಬ್ರುವರಿ 8ರ ನಡುರಾತ್ರಿ ಕಳೆದ ಮೇಲೆ ಚಿವಾವಾ ರಾಜ್ಯದ ಅಯೆಂದೆ ಎಂಬ ಹಳ್ಳಿಯ ಸುತ್ತ ಆಕಾಶದಿಂದ ಕಲ್ಲು ಸುರಿಯಿತು. ಹೆಕ್ಕಿದ್ದೇ ಟನ್‌ಗಟ್ಟಲೆ. ಚಂದ್ರನ ಕಲ್ಲು ಬರುತ್ತದೆ ಅಂತ ಪ್ರಯೋಗಾಲಯಗಳೆಲ್ಲ ಹೊಸ ಯಂತ್ರ ಜೋಡಿಸಿಕೊಂಡು ಕಾದು ಕೂತಿದ್ದ ವರ್ಷ ಅದು. ಅಪೊಲೊ 11 ಹೊರಡಲು ಇನ್ನೂ ಐದು ತಿಂಗಳಿತ್ತು, ಅಷ್ಟರಲ್ಲಿ ಇದು ತಾನಾಗಿ ಮನೆಬಾಗಿಲಿಗೆ ಬಂದು ಬಿತ್ತು. ಅದರ ಕಪ್ಪು ಮೈಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು, ಸುಣ್ಣದ ಹರಳಿನಂಥವು. ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಈ ಚುಕ್ಕೆಗಳೇ ಸೌರವ್ಯೂಹದಲ್ಲಿ ಮೊಟ್ಟಮೊದಲು ಗಟ್ಟಿಯಾದ ವಸ್ತು. ಇಂಥ ಚುಕ್ಕೆಗಳ ಸೀಸದ ಐಸೊಟೋಪ್‌ಗಳಿಂದ ಲೆಕ್ಕ ಹಾಕಿದರೆ ವಯಸ್ಸು 456 ಕೋಟಿ 70 ಲಕ್ಷ ವರ್ಷ.

ಶಿಕಾಗೊದ ರಾಬರ್ಟ್ ಕ್ಲೇಟನ್ ತಂಡ 1973ರಲ್ಲಿ ಈ ಚುಕ್ಕೆಗಳ ಆಕ್ಸಿಜನ್ ಅಳೆಯಿತು. 17 ಮತ್ತು 18 ಅರ್ಧದ ಲೆಕ್ಕದಲ್ಲಿ ಅಲ್ಲ, ಸಮಸಮವಾಗಿ ಕಡಿಮೆಯಾಗಿದ್ದವು. ಭೂಮಿಯ ಗೆರೆ ಒಂದು ಕಡೆ, ಇದರ ಗೆರೆಯೇ ಇನ್ನೊಂದು ಕಡೆ. ಅಲ್ಲಿಂದ ಮುಂದೆ ಉಲ್ಕಾಶಿಲೆಗಳನ್ನು ಒಂದೊಂದಾಗಿ ಅಳೆಯುತ್ತಾ ಹೋದರು. ಮಂಗಳನಿಂದ ಬಂದವು ಭೂಮಿಯ ಗೆರೆಗಿಂತ ಸಾವಿರಕ್ಕೆ 0.3 ಪಾಲು ಮೇಲೆ. ವೆಸ್ಟಾ ಎಂಬ ಕ್ಷುದ್ರಗ್ರಹದವು ಅಷ್ಟೇ ಸುಮಾರಿಗೆ ಕೆಳಗೆ. ಸೂರ್ಯನನ್ನೂ ಬಿಡಲಿಲ್ಲ. ಸೂರ್ಯನಿಂದ ಬೀಸುವ ಕಣಗಳನ್ನು ಹಿಡಿದು ತಂದ ಜೆನೆಸಿಸ್ ನೌಕೆ 2004ರಲ್ಲಿ ಪ್ಯಾರಾಚೂಟ್ ಬಿಚ್ಚದೆ ಯೂಟಾ ಮರುಭೂಮಿಗೆ ಅಪ್ಪಳಿಸಿ ಒಡೆದುಹೋಗಿತ್ತು. ಆ ಚೂರುಗಳನ್ನೇ ಆರಿಸಿ ತೊಳೆದು, 2011ರಲ್ಲಿ ಸೂರ್ಯನ ಆಕ್ಸಿಜನ್ ಹೇಗಿದೆ ಅಂತ ಹೇಳಿದರು. ಭೂಮಿಯ ಆಕ್ಸಿಜನ್‌ಗೆ ಹೋಲಿಸಿದರೆ ಅದರಲ್ಲಿ 17, 18 ಎರಡೂ ಶೇಕಡಾ 6-7ರಷ್ಟು ಕಮ್ಮಿ. ಒಂದೇ ಮೋಡದಿಂದ ಹುಟ್ಟಿದರೂ ಒಬ್ಬೊಬ್ಬರದೂ ಒಂದೊಂದು ಮನೆತನದ ಗುರುತು.

ಮಂಗಳನ ಕಲ್ಲು ನಮ್ಮಲ್ಲಿ ಹೇಗೆ ಬಂತು ಅಂತ ಕೇಳಬಹುದು. ಅಲ್ಲಿಗೆ ಯಾವುದೋ ಕ್ಷುದ್ರಗ್ರಹ ಬಡಿದಾಗ ಚಿಮ್ಮಿದ ಚೂರುಗಳು ಅವು. ಈ ಜಾತಿಯ ಕಲ್ಲುಗಳಿಗೆ ಶೆರ್ಗೊಟೈಟ್ ಅಂತ ಹೆಸರು ಬಂದದ್ದು ನಮ್ಮ ಬಿಹಾರದ ಶೇರ್‌ಘಾಟಿಯಿಂದ. 1865ರ ಆಗಸ್ಟ್ 25ರಂದು ಗಯಾ ಹತ್ತಿರದ ಆ ಊರಿನಲ್ಲಿ ಸುಮಾರು 5 ಕೆ.ಜಿ. ಕಲ್ಲು ಬಿದ್ದಿತ್ತು. ಅದರ ತವರು ಮಂಗಳ ಅಂತ ತಿಳಿಯಲು ನೂರು ವರ್ಷ ದಾಟಿತು. ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ ಅದೇ ಜಾತಿಯ ಇನ್ನೊಂದು ಕಲ್ಲಿನ ಗಾಜಿನೊಳಗೆ ಸಿಕ್ಕಿಹಾಕಿಕೊಂಡಿದ್ದ ಗಾಳಿಯನ್ನು 1980ರ ದಶಕದಲ್ಲಿ ಅಳೆದರು. ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳದ ಮೇಲೆ ಅಳೆದ ಗಾಳಿಗೂ ಅದಕ್ಕೂ ತಾಳೆಯಾಯಿತು.

ಈಗ ಚಂದ್ರನಿಗೆ ಬರೋಣ. ಕಂಪ್ಯೂಟರ್‌ನಲ್ಲಿ ಆ ಢಿಕ್ಕಿಯನ್ನು ಮರುಸೃಷ್ಟಿಸಿದವರಿಗೆ ಮತ್ತೆ ಮತ್ತೆ ಸಿಕ್ಕ ಉತ್ತರ ಹೀಗಿತ್ತು: ಓರೆಯಾಗಿ ಬಂದು ಗುದ್ದಿದರೆ, ಚಂದ್ರನಿಗೆ ಸೇರುವ ವಸ್ತುವಿನಲ್ಲಿ 70-80 ಶೇಕಡಾ ಥೀಯಾದ್ದು, ಉಳಿದದ್ದು ಭೂಮಿಯದು. ಥೀಯಾ ಬೇರೆ ಹೊಲದ ಬೆಳೆ ತಾನೇ? ಹಾಗಿದ್ದರೆ ಚಂದ್ರನ ಆಕ್ಸಿಜನ್ ಭೂಮಿಯ ಗೆರೆಯಿಂದ ಸ್ವಲ್ಪವಾದರೂ ಆಚೀಚೆ ಇರಬೇಕು.

ಇದನ್ನು ಅಳೆಯುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ, ಚೆನ್ನಾಗಿದೆ. ಬೇಕಾಗುವುದು ಒಂದೆರಡು ಮಿಲಿಗ್ರಾಂ ಕಲ್ಲಿನ ಪುಡಿ, ಸಾಸಿವೆ ಕಾಳಿನಷ್ಟು. ಅದನ್ನು ಲೋಹದ ಪುಟ್ಟ ಕೋಣೆಯಲ್ಲಿಟ್ಟು, ಫ್ಲೋರಿನ್‌ಯುಕ್ತ ಅನಿಲ ತುಂಬಿ, ಮೇಲಿಂದ ಲೇಸರ್ ಬಿಡುತ್ತಾರೆ. ಫ್ಲೋರಿನ್ ಮಹಾ ಜಗಳಗಂಟಿ. ಕಲ್ಲಿನ ಸಿಲಿಕಾನ್, ಕಬ್ಬಿಣವನ್ನೆಲ್ಲ ತಾನು ಹಿಡಿದುಕೊಂಡು ಆಕ್ಸಿಜನ್ ಅನ್ನು ಹೊರಗೆ ತಳ್ಳುತ್ತದೆ. ಆ ಆಕ್ಸಿಜನ್ ಅನ್ನು ಶುದ್ಧ ಮಾಡಿ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಬಿಡುತ್ತಾರೆ. ಅಲ್ಲಿ ಅಣುಗಳಿಗೆ ವಿದ್ಯುತ್ ಆವೇಶ ಕೊಟ್ಟು, ವೇಗ ಹೆಚ್ಚಿಸಿ, ದೊಡ್ಡ ಅಯಸ್ಕಾಂತದ ನಡುವೆ ಹಾಯಿಸುವುದು. ಘಾಟಿಯ ತಿರುವಿನಲ್ಲಿ ಬೈಕು ಒಳಗಿನಿಂದ ಸುಯ್ಯಂತ ತಿರುಗಿದರೆ ಲೋಡ್ ಲಾರಿ ಅಗಲವಾಗಿ ಹೊರಗಿನಿಂದ ಬಳಸುತ್ತದಲ್ಲ, ಹಾಗೆಯೇ ಹಗುರ ಅಣು ಜಾಸ್ತಿ ಬಾಗುತ್ತದೆ, ಭಾರದ್ದು ಕಡಿಮೆ ಬಾಗುತ್ತದೆ. ತುದಿಯಲ್ಲಿ ಮೂರು ಬಟ್ಟಲು ಕಾದಿರುತ್ತವೆ. 16 ಮತ್ತು 16 ಸೇರಿದ 32 ತೂಕದ ಅಣು ಒಂದಕ್ಕೆ, 16 ಮತ್ತು 17 ಸೇರಿದ 33 ಇನ್ನೊಂದಕ್ಕೆ, 34 ಮೂರನೆಯದಕ್ಕೆ. ಯಾವ ಬಟ್ಟಲಿಗೆ ಎಷ್ಟು ವಿದ್ಯುತ್ ಬಂತು ಅನ್ನುವುದೇ ಲೆಕ್ಕ. ಒಂದು ಸಲ ಚಂದ್ರನ ಅನಿಲ, ಒಂದು ಸಲ ಮಾನಕ ಅನಿಲ, ಮತ್ತೆ ಚಂದ್ರನದು. ಹೀಗೆ ಅದಲುಬದಲು ಮಾಡುತ್ತಾ ಕೂರಬೇಕು. ತಾಳ್ಮೆಯ ಕೆಲಸ.

2001ರಲ್ಲಿ ಜ್ಯೂರಿಕ್‌ನಲ್ಲಿ ಊವೆ ವೀಚರ್ಟ್ ಮತ್ತು ಜೊತೆಗಾರರು ಹೀಗೆ 31 ಚಂದ್ರಶಿಲೆಗಳನ್ನು ಅಳೆದರು. ವ್ಯತ್ಯಾಸ ಸಿಗಲಿಲ್ಲ. ಚಂದ್ರ ಭೂಮಿಯ ಗೆರೆಯ ಮೇಲೆಯೇ ಕೂತಿದ್ದ. ಆಗ ಅದನ್ನು ಢಿಕ್ಕಿ ಕತೆಗೆ ಸಿಕ್ಕ ಪುಷ್ಟಿ ಅಂತಲೇ ಓದಿದರು: ಥೀಯಾ, ಭೂಮಿ ಎರಡೂ ಸೂರ್ಯನಿಂದ ಒಂದೇ ದೂರದಲ್ಲಿ ಬೆಳೆದಿರಬೇಕು, ಅದಕ್ಕೇ ಈ ಹೋಲಿಕೆ. ಆದರೆ ಯಂತ್ರಗಳು ಚುರುಕಾಗುತ್ತಾ ಹೋದ ಹಾಗೆ ಹೋಲಿಕೆಯೂ ಬಿಗಿಯಾಗುತ್ತಾ ಹೋಯಿತು. 2012ರಲ್ಲಿ ಟೈಟಾನಿಯಂ ಅಳೆದರು. ಅದೂ ಹತ್ತು ಲಕ್ಷಕ್ಕೆ ನಾಲ್ಕು ಪಾಲಿನ ನಿಖರತೆಯಲ್ಲಿ ಒಂದೇ. 2014ರಲ್ಲಿ ಒಂದು ಜರ್ಮನ್ ತಂಡ ಆಕ್ಸಿಜನ್‌ನಲ್ಲಿ ಹತ್ತು ಲಕ್ಷಕ್ಕೆ 12 ಪಾಲಿನ ವ್ಯತ್ಯಾಸ ಕಂಡಿತು ಅಂದಿತು. 2016ರಲ್ಲಿ ಲಾಸ್ ಏಂಜಲಿಸ್‌ನ ಎಡ್ವರ್ಡ್ ಯಂಗ್ ತಂಡ ಅಂಥದ್ದೇನೂ ಇಲ್ಲ ಅಂದಿತು. 2020ರಲ್ಲಿ ಇನ್ನೊಂದು ತಂಡ, ಚಂದ್ರನ ಕಲ್ಲುಗಳಲ್ಲೇ ಜಾತಿಯಿಂದ ಜಾತಿಗೆ ಕೊಂಚ ಬದಲಾಗುತ್ತದೆ ಅಂತ ತೋರಿಸಿತು. ಜಗಳ ಇರುವುದು ಹತ್ತು ಲಕ್ಷಕ್ಕೆ ಹತ್ತು-ಹನ್ನೆರಡು ಪಾಲಿನ ಬಗ್ಗೆ. ಮಂಗಳನ ವ್ಯತ್ಯಾಸ ಅದೇ ಲೆಕ್ಕದಲ್ಲಿ 300 ಅಂತ ನೆನಪಿಟ್ಟುಕೊಂಡರೆ ಈ ಜಗಳ ಎಷ್ಟು ಸಣ್ಣದು ಅಂತ ಗೊತ್ತಾಗುತ್ತದೆ. ನನ್ನ ಕಣ್ಣಿಗೆ ಚಂದ್ರವಿಜ್ಞಾನದ ಅತಿ ರುಚಿಕರ ಘಟ್ಟ ಇದೇ. ಸಾಕ್ಷಿ ಬದಲಾಗಲಿಲ್ಲ. ಅದೇ ಸಾಕ್ಷಿ ಜಾಸ್ತಿ ಸ್ಪಷ್ಟವಾಯಿತು, ಅಷ್ಟಕ್ಕೇ ಪರವಾಗಿದ್ದದ್ದು ವಿರುದ್ಧವಾಯಿತು.

ನೆರೆಹೊರೆಯವರು ಒಂದೇ ಥರ ಇರಬಹುದು, ಅದರಲ್ಲೇನು ಅಂತ ಅನ್ನಬಹುದು. ಆಕ್ಸಿಜನ್, ಟೈಟಾನಿಯಂಗೆ ಆ ಮಾತು ನಡೆಯುತ್ತದೆ. ಟಂಗ್‌ಸ್ಟನ್‌ಗೆ ನಡೆಯುವುದಿಲ್ಲ. ಯಾಕೆಂದರೆ ಅದು ಮನೆತನದ ಗುರುತಲ್ಲ, ಗಡಿಯಾರ.

ಹಳೆಯ ಬಲ್ಬಿನ ತಂತಿಯಲ್ಲಿ ಇರುತ್ತಿದ್ದ ಅದೇ ಟಂಗ್‌ಸ್ಟನ್. ಇದಕ್ಕೆ ಕಬ್ಬಿಣದ ಸಹವಾಸ ಇಷ್ಟ. ಗ್ರಹ ಕರಗಿ ಕಬ್ಬಿಣ ತಳಕ್ಕಿಳಿದು ತಿರುಳಾಗುವಾಗ ಟಂಗ್‌ಸ್ಟನ್ ಬಹುಪಾಲು ಅದರ ಜೊತೆಯಲ್ಲೇ ಇಳಿದುಬಿಡುತ್ತದೆ. ಹ್ಯಾಫ್ನಿಯಂ ಎಂಬ ಇನ್ನೊಂದು ಧಾತುವಿಗೆ ಕಲ್ಲು ಇಷ್ಟ. ಅದು ತಿರುಳಿನ ಮೇಲಿರುವ ಕಲ್ಲಿನ ಪದರದಲ್ಲೇ, ಅಂದರೆ ಮ್ಯಾಂಟಲ್‌ನಲ್ಲೇ ಉಳಿಯುತ್ತದೆ. ಸೌರವ್ಯೂಹ ಹುಟ್ಟಿದಾಗ ಹ್ಯಾಫ್ನಿಯಂ-182 ಎಂಬ ವಿಕಿರಣಶೀಲ ಐಸೊಟೋಪ್ ಇತ್ತು. ಪ್ರತಿ 89 ಲಕ್ಷ ವರ್ಷಕ್ಕೆ ಅದರಲ್ಲಿ ಅರ್ಧ ಭಾಗ ಟಂಗ್‌ಸ್ಟನ್-182 ಆಗಿ ಬದಲಾಗುತ್ತಿತ್ತು. ಆರು ಕೋಟಿ ವರ್ಷ ಕಳೆಯುವುದರೊಳಗೆ ಉಳಿದದ್ದು ಶೇಕಡಾ ಒಂದು. ಈಗ ಒಂದು ಚೂರೂ ಇಲ್ಲ.

ತಿರುಳನ್ನು ಊರಿನ ಕೊನೇ ಬಸ್ಸು ಅಂತ ತಿಳಿಯಿರಿ. ಟಂಗ್‌ಸ್ಟನ್‌ಗಳು ಪ್ರಯಾಣಿಕರು. ಬಸ್ಸು ಹೊರಡುವಾಗ ನಿಲ್ದಾಣದಲ್ಲಿ ಇದ್ದವರೆಲ್ಲ ಹತ್ತಿಬಿಟ್ಟರು. ಆಮೇಲೆ ಹ್ಯಾಫ್ನಿಯಂನಿಂದ ಹುಟ್ಟಿ ಬಂದ ಟಂಗ್‌ಸ್ಟನ್-182ಗಳಿಗೆ ಬಸ್ಸಿಲ್ಲ, ನಿಲ್ದಾಣದಲ್ಲೇ ಕೂರಬೇಕು. ಬಸ್ಸು ಬೇಗ ಹೊರಟಿದ್ದರೆ ಉಳಿದವರು ಜಾಸ್ತಿ. ತಡವಾಗಿ ಹೊರಟಿದ್ದರೆ ಕಡಿಮೆ. ನಿಲ್ದಾಣದಲ್ಲಿ ತಲೆ ಎಣಿಸಿದರೆ ಬಸ್ಸು ಎಷ್ಟು ಗಂಟೆಗೆ ಹೋಯಿತು ಅಂತ ಹೇಳಬಹುದು. ಭೂಮಿಯ ಮ್ಯಾಂಟಲ್‌ನಲ್ಲಿ ಉಲ್ಕಾಶಿಲೆಗಳಿಗಿಂತ ಹತ್ತು ಸಾವಿರಕ್ಕೆ ಸುಮಾರು ಎರಡು ಪಾಲು ಟಂಗ್‌ಸ್ಟನ್-182 ಹೆಚ್ಚಿದೆ. ಉಳಿದವರು ಇಷ್ಟೇ ಅಂದರೆ ಬಸ್ಸು ತಡವಾಗಿಯೇ ಹೊರಟಿದೆ, ತಿರುಳು ಕೂಡಿಕೊಳ್ಳಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಇದೇ ಗಡಿಯಾರವನ್ನು ಮಂಗಳನ ಕಲ್ಲುಗಳ ಮೇಲಿಟ್ಟು ದೋಫಾ ಮತ್ತು ಪೌರ್‌ಮಂದ್ 2011ರಲ್ಲಿ ಲೆಕ್ಕ ಹಾಕಿದರು. ಮಂಗಳ ಸುಮಾರು 18 ಲಕ್ಷ ವರ್ಷಕ್ಕೇ ಅರ್ಧ ಗಾತ್ರ ಬೆಳೆದುಬಿಟ್ಟಿತ್ತು. ಬೇಗ ಬೆಳೆದು ಅಷ್ಟಕ್ಕೇ ನಿಂತ ಗ್ರಹ ಅದು.

ಈಗ ಚಂದ್ರನ ಟಂಗ್‌ಸ್ಟನ್ ನೋಡಿ. 2015ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಅಳೆದು ಒಂದೇ ಉತ್ತರ ಹೇಳಿದವು. ಚಂದ್ರನಲ್ಲಿ ಭೂಮಿಗಿಂತ ಹತ್ತು ಲಕ್ಷಕ್ಕೆ 25 ಪಾಲಿನಷ್ಟು ಟಂಗ್‌ಸ್ಟನ್-182 ಜಾಸ್ತಿ. ಅಬ್ಬಾ, ಕೊನೆಗೂ ವ್ಯತ್ಯಾಸ ಸಿಕ್ಕಿತು ಅನ್ನುವ ಹಾಗಿಲ್ಲ. ಚಂದ್ರ ಹುಟ್ಟಿದ ಮೇಲೂ ಉಲ್ಕೆಗಳು ಬೀಳುತ್ತಲೇ ಇದ್ದವು, ಭೂಮಿ ದೊಡ್ಡದಾದ್ದರಿಂದ ಅದರ ಪಾಲಿಗೆ ಹೆಚ್ಚು ಬಿದ್ದವು. ಆ ಉಲ್ಕೆಗಳ ಟಂಗ್‌ಸ್ಟನ್ ಭೂಮಿಯ ಲೆಕ್ಕವನ್ನು ಕೊಂಚ ಕೆಳಗೆ ಎಳೆದಿದೆ. ಅದನ್ನು ಕಳೆದು ನೋಡಿದರೆ ಢಿಕ್ಕಿ ಮುಗಿದ ಹೊತ್ತಿಗೆ ಎರಡೂ ಮತ್ತೆ ಸರಿಸಮ.

ಇದು ನಿಜಕ್ಕೂ ವಿಚಿತ್ರ. ಥೀಯಾ ಭೂಮಿಯ ಪಕ್ಕದ ಹೊಲದಲ್ಲೇ ಬೆಳೆದಿದ್ದರೂ ಅದರ ತಿರುಳು ಯಾವಾಗ ಕೂಡಿತು, ಎಷ್ಟು ಹ್ಯಾಫ್ನಿಯಂ ಮೇಲೆ ಉಳಿಯಿತು ಎಂಬುದು ಅದರದೇ ಬದುಕಿನ ಕತೆ. ಗಾತ್ರವೂ ಬೇರೆ, ಬೆಳೆದ ವೇಗವೂ ಬೇರೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ಬಾವಿ ನೀರು ಇರಬಹುದು. ಎರಡೂ ಮನೆಯ ಮಕ್ಕಳು ಒಂದೇ ಗಳಿಗೆಯಲ್ಲಿ ಹುಟ್ಟಿದರು ಅಂದರೆ ನಂಬುವುದು ಕಷ್ಟ ಅಲ್ವಾ?

ಹಾಗಾಗಿ ಕತೆಯನ್ನೇ ಸ್ವಲ್ಪ ತಿದ್ದಬೇಕಾಯಿತು. 2012ರಲ್ಲಿ ಎರಡು ದಾರಿ ಬಂದವು. ರಾಬಿನ್ ಕೇನಪ್ ಹೇಳಿದ್ದು, ಗುದ್ದಿಕೊಂಡದ್ದು ಹೆಚ್ಚುಕಡಿಮೆ ಸಮಗಾತ್ರದ ಎರಡು ಗ್ರಹಗಳು, ಹಿಟ್ಟು ಕಲಸಿದ ಹಾಗೆ ಎರಡೂ ಬೆರೆತವು. ಮಾತಿಯಾ ಚುಕ್ ಮತ್ತು ಸಾರಾ ಸ್ಟೀವರ್ಟ್ ಹೇಳಿದ್ದು, ಭೂಮಿ ಆಗ ಎರಡು-ಮೂರು ಗಂಟೆಗೊಂದು ಸುತ್ತು ಹಾಕುವಷ್ಟು ಜೋರಾಗಿ ಗಿರಗಿರ ತಿರುಗುತ್ತಿತ್ತು, ಸಣ್ಣ ಗ್ರಹ ಬಡಿದರೂ ಭೂಮಿಯದೇ ಮಣ್ಣು ಎರಚಿತು. ಕೆಲವು ವರ್ಷದ ನಂತರ ಸೈಮನ್ ಲಾಕ್ ಮತ್ತು ಸ್ಟೀವರ್ಟ್ ಇನ್ನೂ ಮುಂದೆ ಹೋದರು. ಢಿಕ್ಕಿಯ ನಂತರ ಭೂಮಿ ಗುಂಡಗಿನ ಗ್ರಹವಾಗಿಯೇ ಉಳಿಯಲಿಲ್ಲ, ನಡುವೆ ಉಬ್ಬಿ ಸುತ್ತಲೂ ಚಾಚಿಕೊಂಡ ಆವಿಯಾದ ಕಲ್ಲಿನ ಮುದ್ದೆಯಾಯಿತು, ನಮ್ಮ ಉದ್ದಿನವಡೆಗೆ ತೂತಿಲ್ಲದಿದ್ದರೆ ಹೇಗೋ ಹಾಗೆ. ಚಂದ್ರ ಅದರ ಒಳಗೇ ಹನಿಗಟ್ಟಿದ. ಆ ರೂಪಕ್ಕೆ ಸಿನೆಸ್ಟಿಯಾ ಅಂತ ಹೆಸರಿಟ್ಟರು. ಇನ್ನೊಂದು ಕಡೆ, ಪಕ್ಕದ ಹೊಲದ ವಾದವೂ ಸತ್ತಿಲ್ಲ. ಕಬ್ಬಿಣದ ಐಸೊಟೋಪ್‌ಗಳನ್ನು ಅಳೆದು 2025ರಲ್ಲಿ ಬಂದ ಅಧ್ಯಯನವೊಂದು ಥೀಯಾ ಸೂರ್ಯನಿಗೆ ಭೂಮಿಗಿಂತಲೂ ಹತ್ತಿರದಲ್ಲಿ ಹುಟ್ಟಿರಬಹುದು ಎನ್ನುತ್ತದೆ. ಯಾವುದು ಸರಿ ಅಂತ ಬಾಜಿ ಕಟ್ಟಲು ನನಗೆ ಧೈರ್ಯವಿಲ್ಲ. ಟಂಗ್‌ಸ್ಟನ್ ಮಾತ್ರ ಎರಡೂ ಬೆರೆತವು ಅನ್ನುವವರ ಪರವಾಗಿ ಸಾಕ್ಷಿ ಹೇಳುತ್ತಿದೆ ಅನಿಸುತ್ತದೆ.

ಎಲ್ಲವೂ ಒಂದೇ ಆದರೆ ವ್ಯತ್ಯಾಸವೇ ಇಲ್ಲವೇ? ಇದೆ. ಅದು ಬೇರೆ ಜಾತಿಯದು. ಬೇಗ ಆವಿಯಾಗುವ ಸತು, ಪೊಟ್ಯಾಸಿಯಂ ಮುಂತಾದವು ಚಂದ್ರನಲ್ಲಿ ಕಡಿಮೆ, ಉಳಿದಿರುವುದರಲ್ಲಿ ಭಾರದ ಐಸೊಟೋಪ್‌ಗಳ ಪಾಲು ಜಾಸ್ತಿ. ಸತುವಿನಲ್ಲಿ ಸಾವಿರಕ್ಕೆ ಒಂದಕ್ಕಿಂತ ಹೆಚ್ಚು, ಪೊಟ್ಯಾಸಿಯಂನಲ್ಲಿ ಸಾವಿರಕ್ಕೆ 0.4. ಕಣದಲ್ಲಿ ತೂರಿದ ಗುರುತು ಇದು: ಹಗುರದ್ದು ಹಾರಿಹೋಗಿದೆ. ಚಂದ್ರ ಒಮ್ಮೆ ಕುದಿದಿದ್ದಾನೆ. ಮನೆತನದ ಗುರುತು ಆಕ್ಸಿಜನ್‌ನಲ್ಲಿ, ವಯಸ್ಸು ಟಂಗ್‌ಸ್ಟನ್‌ನಲ್ಲಿ, ಸುಟ್ಟ ಗಾಯ ಸತುವಿನಲ್ಲಿ. ಎಲ್ಲ ಒಂದೇ ಕಲ್ಲಿನ ಚೂರಿನಲ್ಲಿ.

ಇದೇ ಸುಟ್ಟಗಾಯದ ಉಪಾಯವನ್ನು ಗುರುವಿನ ಚಂದ್ರ ಅಯೋ ಮೇಲೂ ಬಳಸಿದ್ದಾರೆ, ಕಲ್ಲು ಮುಟ್ಟದೆಯೇ. ಚಿಲಿಯಲ್ಲಿರುವ ಆಲ್ಮಾ ದೂರದರ್ಶಕದಿಂದ ಅದರ ಜ್ವಾಲಾಮುಖಿ ಅನಿಲದಲ್ಲಿನ ಗಂಧಕದ ಐಸೊಟೋಪ್‌ಗಳನ್ನು ಓದಿ, ಅದು ತನ್ನ ಗಂಧಕದಲ್ಲಿ 94ರಿಂದ 99 ಶೇಕಡಾ ಕಳೆದುಕೊಂಡಿದೆ ಅಂತ 2024ರಲ್ಲಿ ಹೇಳಿದರು. ಅಂದರೆ ಅಲ್ಲಿನ ಬೆಂಕಿ ನಿನ್ನೆ ಮೊನ್ನೆಯದಲ್ಲ, ಹೆಚ್ಚುಕಡಿಮೆ ಹುಟ್ಟಿದಾಗಿನಿಂದ ಉರಿಯುತ್ತಿದೆ.

ನಮ್ಮ ಚಂದ್ರಯಾನ-3 ಇದರಲ್ಲಿ ಎಲ್ಲಿ ಬರುತ್ತದೆ? 2023ರ ಆಗಸ್ಟ್ 23ರಂದು ಇಳಿದ ಮೇಲೆ ಪ್ರಜ್ಞಾನ್ ರೋವರ್ ಸುಮಾರು 103 ಮೀಟರ್ ಓಡಾಡಿ 23 ಕಡೆ ಮಣ್ಣನ್ನು ಎಕ್ಸ್-ರೇ ಉಪಕರಣದಿಂದ ಪರೀಕ್ಷಿಸಿತು. ಉಪಕರಣ ಮಾಡಿದ್ದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ. ಚಂದ್ರ ಒಮ್ಮೆ ಕರಗಿದ ಕಲ್ಲಿನ ಕಡಲಾಗಿದ್ದ ಎಂಬ ಮಾತಿಗೆ ದಕ್ಷಿಣ ಧ್ರುವದ ಕಡೆಯಿಂದಲೂ ಬೆಂಬಲ ಸಿಕ್ಕಿತು. ಆದರೆ ಆ ಉಪಕರಣ ಯಾವ ಧಾತು ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು ಯಾವ ಐಸೊಟೋಪ್ ಅಂತ ಹೇಳುವುದಿಲ್ಲ. ಹತ್ತು ಲಕ್ಷಕ್ಕೆ ನಾಲ್ಕು ಪಾಲು ಅಳೆಯುವ ಯಂತ್ರ ಒಂದು ಕೋಣೆ ತುಂಬುತ್ತದೆ, ಅದನ್ನು ರೋವರ್ ಮೇಲೆ ಹೊರಿಸಲಾಗದು. ಕಲ್ಲನ್ನೇ ಮನೆಗೆ ತರಬೇಕು. 2024ರ ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಚಂದ್ರಯಾನ-4 ಅದೇ ಕೆಲಸಕ್ಕೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋಗೆ ಮಾದರಿ ಹೊತ್ತು ತರುವುದು ಇದೇ ಮೊದಲು.

ಅದೇ ದಿನ ಸಂಪುಟ ಇನ್ನೊಂದಕ್ಕೂ ಒಪ್ಪಿಗೆ ಕೊಟ್ಟಿತು: ಶುಕ್ರನ ಸುತ್ತ ಸುತ್ತುವ ನೌಕೆ. ಚಂದ್ರನ ಒಗಟಿಗೆ ಬೇಕಾದ ಕೀಲಿ ಅಲ್ಲೇ ಇರಬಹುದು. ನಮ್ಮ ಕೈಯಲ್ಲಿ ಭೂಮಿ, ಚಂದ್ರ, ಮಂಗಳ, ವೆಸ್ಟಾಗಳ ಕಲ್ಲಿದೆ. ಭೂಮಿಯಷ್ಟೇ ಗಾತ್ರದ, ಒಳಗಿನ ಬೀದಿಯ ಶುಕ್ರನದು ಮಾತ್ರ ಇಲ್ಲ. ಶುಕ್ರನ ಆಕ್ಸಿಜನ್ ಕೂಡ ಭೂಮಿಯ ಗೆರೆಯ ಮೇಲೆ ಕೂತರೆ, ಈ ಬೀದಿಯವರೆಲ್ಲ ಒಂದೇ ಬಾವಿಯ ನೀರು ಕುಡಿದವರು ಅಂತಾಗುತ್ತದೆ, ಥೀಯಾದ ಹೋಲಿಕೆ ಅರ್ಧ ಬಗೆಹರಿಯುತ್ತದೆ. ಕೂರದಿದ್ದರೆ, ಭೂಮಿಗೂ ಚಂದ್ರನಿಗೂ ಮಾತ್ರ ಇರುವ ಈ ಹೋಲಿಕೆಗೆ ಬೆರೆಸಿದ ಕತೆಯೇ ಬೇಕು. ಹೊರಡಲಿರುವ ನೌಕೆ ನೆಲ ಮುಟ್ಟುವುದಿಲ್ಲ, ಮೇಲಿನಿಂದ ನೋಡುತ್ತದೆ ಅಷ್ಟೇ. ಶುಕ್ರನ ನೆಲದ ಬಿಸಿ ಸುಮಾರು 460 ಡಿಗ್ರಿ. ಅಲ್ಲಿಂದ ಸಾಸಿವೆ ಕಾಳಿನಷ್ಟು ಕಲ್ಲನ್ನೂ ಇದುವರೆಗೆ ಯಾರೂ ತಂದಿಲ್ಲ.